ಡಿಸ್ಕಮ್ಮ ಡಿಸ್ಕು ಇಳಿಸಿದ್ದು

ಪರದೆಯ ಮೇಲೆ ಬೆರಳಿಟ್ಟು ಮಾತನಾಡುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಈಗ ಸಂಸ್ಥೆಯ ನಿರ್ದೇಶಕರು ಅದನ್ನೇ ಮಾಡುತ್ತಿದ್ದರು. ಅವಳ ಕುರ್ಚಿಯ ಹಿಂದೆ ನಿಂತು, ಹೆಗಲ ಮೇಲಿಂದ ಕೈ ಚಾಚಿ, "ಇಲ್ಲಿ ಇರ್ಬೇಕಿತ್ತಲ್ಲಮ್ಮಾ, ಇಲ್ಲಿ?" ಎಂದು ಗಾಜನ್ನು ಕುಟ್ಟುತ್ತಿದ್ದರು. ಪ್ರತಿ ಕುಟ್ಟಿಗೂ ಒಂದು ಜಿಡ್ಡಿನ ಚುಕ್ಕೆ. ಇವರು ಹೋದ ಮೇಲೆ ಒರೆಸಬೇಕು, ಇವರ ಎದುರಿಗೇ ಒರೆಸಿದರೆ ಇನ್ನೂ ಚೆನ್ನ ಎಂದುಕೊಂಡಳು. ಇಂಥ ಹೊತ್ತಿನಲ್ಲಿ ತನಗೆ ಜಿಡ್ಡು ಕಾಣುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು. ಕಳೆದುಹೋದದ್ದು ಸಾಮಾನ್ಯದ್ದಲ್ಲ. ಕಣ್ಣಿಲ್ಲದವರಿಗಾಗಿ ಪುಸ್ತಕಗಳನ್ನು ಓದಿಸಿ ದನಿಯಲ್ಲಿ ಹಿಡಿದಿಡುವ ಸಂಸ್ಥೆ ಇದು, ಆ ದನಿಗಳನ್ನಿಡುವ ಸರ್ವರು ಯಂತ್ರವನ್ನು ಕಾಯುವವಳು ಅವಳು. ಇಲ್ಲಿ ಕಳೆದ ಕೆಲವು ವಾರ ಓದಿಸಿದ್ದೆಲ್ಲ ಒಂದೇ ರಾತ್ರಿಯಲ್ಲಿ ಮಾಯವಾಗಿತ್ತು. ಅದರಲ್ಲಿ ಮಿಕ್ಕವರು ಓದಿದ್ದನ್ನು ಮತ್ತೆ ಓದಿಸಬಹುದು. ಆದರೆ ಒಂದು ದಪ್ಪ ಕಾದಂಬರಿಯ ಕೊನೆಯ ಅಧ್ಯಾಯಗಳನ್ನು ಓದಿದ್ದು ಅವಳ ಅತ್ತೆ. ಅತ್ತೆಗೆ ಆಮೇಲೆ ಗಂಟಲಿನ ಆಪರೇಷನ್ ಆಗಿತ್ತು. ಇನ್ನು ಮೇಲೆ ಪಿಸುಮಾತು ಬಿಟ್ಟರೆ ಬೇರೆ ದನಿ ಬರುವುದಿಲ್ಲ ಎಂದು ಡಾಕ್ಟರು ನಿನ್ನೆಯಷ್ಟೇ ಹೇಳಿದ್ದರು. ಅದನ್ನು ಕೇಳಿ ಅತ್ತೆ ಸುಮ್ಮನೆ ತಲೆಯಾಡಿಸಿ, ಸೊಸೆಯ ಕಡೆ ತಿರುಗಿ, ಅಧ್ಯಾಯಗಳೆಲ್ಲ ಮುಗಿದಿವೆ ತಾನೇ ಎಂದು ಕೈಸನ್ನೆಯಲ್ಲಿ ಕೇಳಿದ್ದರು. ಮುಗಿದಿವೆ ಅತ್ತೆ, ಭದ್ರವಾಗಿವೆ, ಎಂದು ಇವಳು ಎದೆ ತಟ್ಟಿಕೊಂಡು ಹೇಳಿದ್ದಳು.

"ಅಕ್ಕಾ, ನಾನು ಅಳಿಸಿಲ್ಲ ಅಕ್ಕಾ, ನನ್ನಾಣೆ," ಎಂದ ಬಾಗಿಲ ಬಳಿ ನಿಂತಿದ್ದ ರೆಕಾರ್ಡಿಂಗಿನವನು. ಓದುವ ಕೋಣೆಯ ಹೊರಗೆ ಯಾರು ಚಪ್ಪಲಿ ಎಳೆದರೂ "ಸದ್ದು! ಸದ್ದು!" ಎಂದು ಗದರಿಸುತ್ತಿದ್ದವನಾದ್ದರಿಂದ ಎಲ್ಲರೂ ಅವನನ್ನು ಸದ್ದಪ್ಪ ಎನ್ನುತ್ತಿದ್ದರು. ಇವತ್ತು ಸದ್ದಪ್ಪನ ಮುಖ ಹುಳ್ಳಗಾಗಿತ್ತು. ನಿನ್ನೆ ಅವಳು ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದಾಗ ಸರ್ವರು ಜಾಗವಿಲ್ಲ ಎಂದು ರೆಕಾರ್ಡಿಂಗ್ ನಿಲ್ಲಿಸಿತ್ತಂತೆ. ಸದ್ದಪ್ಪ ಅದನ್ನು ಆರಿಸಿ, ಮುಚ್ಚಳ ಬಿಚ್ಚಿ, ಧೂಳು ಊದಿ, ಒಳಗಿನ ವೈರುಗಳನ್ನೆಲ್ಲ ಒಮ್ಮೆ ಒತ್ತಿ ನೋಡಿ, ಮತ್ತೆ ಹಚ್ಚಿದ್ದನಂತೆ. ಯಂತ್ರ ಚೆನ್ನಾಗಿಯೇ ಎದ್ದಿತು. ಹಳೆಯ ಪುಸ್ತಕಗಳೆಲ್ಲ ಇದ್ದವು. ಹೊಸದು ಮಾತ್ರ ಇರಲಿಲ್ಲ. ಬೆಳಿಗ್ಗೆ ಇದನ್ನು ಕೇಳಿದ ಕೂಡಲೇ ಅವಳು, "ನಿನ್ನ ಕೈಗೆ ಏನು ಕಾಯಿಲೆ ಬಂದಿತ್ತೋ? ನಂಗೊಂದು ಫೋನ್ ಮಾಡೋಕಾಗ್ತಿರ್ಲಿಲ್ವಾ?" ಎಂದು ಎಲ್ಲರ ಎದುರು ಕೂಗಾಡಿದ್ದಳು. ಅವನು ಫೋನ್ ಮಾಡಿದ್ದ. ಡಾಕ್ಟರ ಕೋಣೆಯಲ್ಲಿ ಕೂತು ಇವಳೇ ಎತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವನು ಬಾಯಿ ಬಿಡಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು.

ನಿರ್ದೇಶಕರು ಆಗಲೇ ಒಂದು ರಿಪೇರಿ ಕಂಪನಿಯವನ ಜತೆ ಫೋನಿನಲ್ಲಿ ಮಾತನಾಡಿಯಾಗಿತ್ತು. ಯಂತ್ರದಲ್ಲಿದ್ದದ್ದು ಎರಡು ಡಿಸ್ಕು, ಅದನ್ನು ಎಬ್ಬಿಸುವ ಚಿಕ್ಕದೊಂದು, ದನಿಗಳನ್ನು ಇಡುವ ದೊಡ್ಡದೊಂದು. "ಮಧ್ಯಾಹ್ನ ಬರ್ತಾನಂತಮ್ಮಾ. ದೊಡ್ಡ ಡಿಸ್ಕನ್ನ ಬಿಚ್ಚಿ ಲ್ಯಾಬಿಗೆ ತಗೊಂಡು ಹೋಗ್ತಾನಂತೆ. ಅಳಿಸಿಹೋಗಿದ್ದೂ ಕೆಲವೊಮ್ಮೆ ಸಿಗತ್ತಂತೆ. ಚಿಕ್ಕದು ಹೇಗೂ ತುಂಬಿದೆಯಲ್ಲ, ಅದನ್ನ ಪೂರ್ತಿ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕ್ಕೊಟ್ಟು ಹೋಗ್ತಾನಂತೆ." ಅವರು ಕೆಟ್ಟವರಲ್ಲ. ಸಂಸ್ಥೆಯ ಕೆಲಸಕ್ಕೆ ಊಟ ಬಿಟ್ಟು ಓಡಾಡುವವರು. ಆದರೆ ಅವಳು ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಯಂತ್ರವನ್ನು ಮಧ್ಯಾಹ್ನ ಯಾರೋ ಒಬ್ಬ ಬಂದು ಬಿಚ್ಚುತ್ತಾನೆ ಎನ್ನುವುದನ್ನು ಎಷ್ಟು ಸಲೀಸಾಗಿ ಹೇಳಿಬಿಟ್ಟರು. "ನೀವೇನೂ ಬೇಜಾರು ಮಾಡ್ಕೋಬೇಡಿ," ಎಂದು ಬೇರೆ ಸೇರಿಸಿದರು. ಆಮೇಲೆ ದನಿ ತಗ್ಗಿಸಿ, "ನಿಮ್ಮತ್ತೆಗೆ ಮಾತ್ರ ಈಗಲೇ ಹೇಳೋದು ಬೇಡ. ಎರಡನೇ ಕೋಣೇಲಿ ಕೂತಿದಾರೆ ಪಾಪ," ಎಂದರು. ಆಪರೇಷನ್ನಿನ ನಂತರ ಅತ್ತೆ ಸಂಸ್ಥೆಗೆ ಬಂದದ್ದು ಇವತ್ತೇ ಮೊದಲು. ಬೆಳಿಗ್ಗೆ ಸ್ಕೂಟರಿನ ಹಿಂದೆ ಕೂತು, ಕತ್ತಿಗೆ ಸ್ಕಾರ್ಫು ಸುತ್ತಿಕೊಂಡು, ಸೊಸೆಯ ಸೊಂಟವನ್ನು ಹಿಡಿಯದೆ ಸೀಟಿನ ಕಂಬಿಯನ್ನೇ ಹಿಡಿದುಕೊಂಡು ಬಂದಿದ್ದರು. ಯಾವತ್ತೂ ಹಾಗೆಯೇ, ಬಿದ್ದರೂ ಸರಿ ಇನ್ನೊಬ್ಬರನ್ನು ಹಿಡಿಯುವವರಲ್ಲ.

"ಒಂದರ್ಧ ಗಂಟೆ ನನ್ನ ಪಾಡಿಗೆ ಬಿಡಿ ಸಾರ್," ಎಂದಳು ಅವಳು. ಅದರಲ್ಲಿ ವಿನಂತಿ ಏನೂ ಇರಲಿಲ್ಲ. ಅವರು ಬಾಗಿಲ ತನಕ ಹೋಗಿ, ಹೊರಗೆ ಹೋಗದೆ ಅಲ್ಲೇ ನಿಂತರು. ಇರಲಿ, ನಿಂತುಕೊಳ್ಳಲಿ. ಅವಳು ಸೆರಗಿನಿಂದ ಗಾಜು ಒರೆಸಿದಳು. ಹಿಂದೊಮ್ಮೆ ನಾದಿನಿಯ ಮನೆಯ ಸಮಾರಂಭದಲ್ಲಿ, ದೂರದ ನೆಂಟರೊಬ್ಬರು ನಿಮ್ಮ ಸೊಸೆಗೆ ಏನು ಕೆಲಸ ಎಂದು ಕೇಳಿದಾಗ ಅತ್ತೆ ತಮ್ಮ ಆ ತುಂಬು ದನಿಯಲ್ಲಿ, "ನಾನು ಓದ್ತೀನಿ, ಅವಳು ಡಬ್ಬ ಕಾಯ್ತಾಳೆ," ಎಂದಿದ್ದರು. ಸುತ್ತಲಿದ್ದವರು ನಕ್ಕಿದ್ದರು. ಅವಳೂ ನಕ್ಕಿದ್ದಳು, ಆದರೆ ಕೈಯಲ್ಲಿದ್ದ ತಟ್ಟೆಯಿಂದ ಆಮೇಲೆ ಒಂದು ತುತ್ತೂ ಎತ್ತಲಾಗಲಿಲ್ಲ. ಆ ಮಾತು ಹೇಗೋ ಸಂಸ್ಥೆಗೂ ಬಂದು, ಡಬ್ಬ ಹೋಗಿ ಡಿಸ್ಕಾಗಿ, ಕೊನೆಗೆ ಡಿಸ್ಕಮ್ಮ ಎಂದು ಹೆಸರಾಗಿ ನಿಂತಿತು. ಮೊದಮೊದಲು ಕಿವಿಗೆ ಕಾದ ಎಣ್ಣೆಯಂತಿತ್ತು. ಈಗ ಹಾಗೆ ಕರೆಯದಿದ್ದರೇ ಏನೋ ಕೊರತೆ. ಡಿಸ್ಕಮ್ಮನೇ ಸರಿ. ಕಾಯುವುದು ಕೆಲಸವಲ್ಲ ಎಂದವರು ಯಾರು? ಕಳೆದದ್ದನ್ನು ಹುಡುಕಿಕೊಡಲು ಬೇಕಾಗುವುದು ಇಲ್ಲಿ ಅವಳೊಬ್ಬಳೇ ಅಲ್ಲವೇ.

ಅವಳು ಎರಡು ಲೆಕ್ಕ ಕೇಳಿದಳು. ಒಂದು, ಡಿಎಫ್ ಎಂಬ ಆಜ್ಞೆ. ಅದು ಡಿಸ್ಕನ್ನೇ ನೇರವಾಗಿ, ನಿನ್ನ ಹೊಟ್ಟೆ ಎಷ್ಟು ತುಂಬಿದೆ ಎಂದು ಕೇಳುತ್ತದೆ. ಇನ್ನೊಂದು, ಡಿಯು. ಅದು ಕಾಣುವ ಫೋಲ್ಡರುಗಳ ಒಳಗೆಲ್ಲ ನುಗ್ಗಿ ಒಂದೊಂದು ಫೈಲನ್ನೂ ತೂಗಿ ಒಟ್ಟು ಹೇಳುತ್ತದೆ. ದೊಡ್ಡ ಡಿಸ್ಕಿನಲ್ಲಿ ಎರಡು ಲೆಕ್ಕವೂ ತಾಳೆಯಾಯಿತು. ಅಲ್ಲಿಂದ ಏನೂ ಅಳಿಸಿಹೋಗಿಲ್ಲ. ಅಷ್ಟೇ ಅಲ್ಲ, ಕಳೆದ ಎಷ್ಟೋ ವಾರಗಳಲ್ಲಿ ಅದರೊಳಕ್ಕೆ ಹೊಸದಾಗಿ ಏನೂ ಬಂದೇ ಇಲ್ಲ. ಬಂದೇ ಇಲ್ಲವೆಂದರೆ? ಅತ್ತೆ ಆ ಗಾಜಿನ ಕೋಣೆಯಲ್ಲಿ ಕೂತು, ನೋವು ನುಂಗಿಕೊಂಡು, ನಡುನಡುವೆ ಬಿಸಿನೀರು ಗುಟುಕರಿಸುತ್ತ ಓದಿದ್ದು ಎಲ್ಲಿಗೆ ಹೋಯಿತು? ಆಪರೇಷನ್ ಮುಂದೆ ಹಾಕಿಸಿಕೊಂಡು ಓದಿದ್ದರು. ಗಂಡ ಬೈದಿದ್ದ, ಡಾಕ್ಟರು ಬೈದಿದ್ದರು. ಇವಳೊಬ್ಬಳು ಬೈದಿರಲಿಲ್ಲ. ಅತ್ತೆಯ ಮೇಲಿನ ಪ್ರೀತಿಯಿಂದ ಎಂದು ಹೇಳಲು ಅವಳಿಗೇ ಧೈರ್ಯವಿಲ್ಲ. ಕೈಗೆತ್ತಿಕೊಂಡ ಕೆಲಸ ಮುಗಿಯುವವರೆಗೆ ಕುರ್ಚಿ ಬಿಟ್ಟೇಳದ ಆ ಹಟ ಅವಳಿಗೆ ಅರ್ಥವಾಗುತ್ತಿತ್ತು, ತನ್ನದೂ ಅಂಥದೇ ಆದ್ದರಿಂದ. ಅವಳು ಚಿಕ್ಕ ಡಿಸ್ಕಿನ ಲೆಕ್ಕ ಕೇಳಿದಳು. ಡಿಎಫ್ ಹೇಳಿತು, ಕಂಠಮಟ್ಟ ತುಂಬಿದ್ದೇನೆ. ಡಿಯು ಹೇಳಿತು, ಇಲ್ಲಿ ಇರುವುದು ಕಾಲು ಭಾಗವೂ ಇಲ್ಲ.

ಅವಳು ಮತ್ತೊಮ್ಮೆ ಕೇಳಿದಳು. ಅದೇ ಉತ್ತರ. ತುಂಬಿದೆ, ಆದರೆ ಏನೂ ಇಲ್ಲ. ಕಿಟಕಿಯ ಆಚೆ ಯಾರೋ ಗೋಡೆಗೆ ಏಣಿ ಒರಗಿಸುತ್ತಿದ್ದರು. ಹೋದ ತಿಂಗಳು ಇದೇ ಕೋಣೆಗೆ ಬಣ್ಣ ಬಳಿಯಲು ಬಂದವರ ನೆನಪಾಯಿತು. ಆಗ ಯಂತ್ರವನ್ನು ಅತ್ತ ಸರಿಸಿ, ಪ್ಲಾಸ್ಟಿಕ್ಕು ಹೊದಿಸಿ, ಮತ್ತೆ ಇತ್ತ ಸರಿಸಿದ್ದರು. ಅದರ ಮಾರನೆಯ ದಿನದಿಂದಲೇ ಆಸ್ಪತ್ರೆಯ ಓಡಾಟ. ಅರ್ಧ ದಿನ ಇಲ್ಲಿ, ಅರ್ಧ ದಿನ ಸ್ಕ್ಯಾನಿಂಗಿನ ಸಾಲಿನಲ್ಲಿ. ದಿನಾ ಬೆಳಿಗ್ಗೆ ಡಿಸ್ಕುಗಳನ್ನು ಕೈಯಾರೆ ನೋಡುವ ಪದ್ಧತಿ ಅವಳಿಗೆ ತಪ್ಪಿಹೋಗಿತ್ತು. ಯಂತ್ರ ಎದ್ದಿದೆ, ಹಸಿರು ದೀಪ ಉರಿಯುತ್ತಿದೆ, ಸಾಕು ಎಂದುಕೊಂಡಿದ್ದಳು. ಒಂದು ವೈರು ಸಡಿಲವಾಗಿದ್ದರೆ? ದೊಡ್ಡ ಡಿಸ್ಕು ಅವತ್ತಿನಿಂದಲೂ ಕೂತೇ ಇರಲಿಲ್ಲವಾದರೆ? ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಹೊಳೆಯಿತು ಎನ್ನುವುದಕ್ಕಿಂತ ಮೊದಲೇ ಒಳಗೆಲ್ಲೋ ಗೊತ್ತಿದ್ದದ್ದು ಈಗ ಕಣ್ಣಿಗೆ ಬಿತ್ತು.

ಈ ಬಗೆಯ ಯಂತ್ರದಲ್ಲಿ ಡಿಸ್ಕಿಗೊಂದು ಬೇರೆ ಮನೆ ಎಂಬುದಿಲ್ಲ. ಇರುವುದು ಒಂದೇ ಮರ. ಚಿಕ್ಕ ಡಿಸ್ಕು ಅದರ ಬೇರು. ಬೇರೆ ಯಾವ ಡಿಸ್ಕು ಬಂದರೂ ಆ ಮರದ ಒಂದು ಖಾಲಿ ಫೋಲ್ಡರಿನ ಮೇಲೆ ಅದನ್ನು ತಂದು ಕೂರಿಸಬೇಕು, ಅದಕ್ಕೇ ಮೌಂಟ್ ಮಾಡುವುದು ಎನ್ನುತ್ತಾರೆ. ಇಲ್ಲಿ ಆ ಫೋಲ್ಡರಿನ ಹೆಸರು ದನಿ. ದೊಡ್ಡ ಡಿಸ್ಕು ಕೂತಿದ್ದರೆ, ದನಿಯೊಳಗೆ ಬರೆದದ್ದೆಲ್ಲ ದೊಡ್ಡ ಡಿಸ್ಕಿಗೆ ಹೋಗುತ್ತದೆ. ಕೂತಿಲ್ಲದಿದ್ದರೂ ದನಿ ಎಂಬ ಫೋಲ್ಡರು ಇದ್ದೇ ಇರುತ್ತದಲ್ಲ, ಬರಿದಾಗಿ. ಆಗ ಬರೆದದ್ದು ಸದ್ದಿಲ್ಲದೆ ಚಿಕ್ಕ ಡಿಸ್ಕಿಗೆ ಇಳಿಯುತ್ತದೆ. ಓದುವ ಕೋಣೆಯ ಯಂತ್ರಗಳಿಗೆ ಅದೇನು ಗೊತ್ತು? ಪುಸ್ತಕದ ಹೆಸರಿನಲ್ಲಿ ಫೋಲ್ಡರು ಇಲ್ಲದಿದ್ದರೆ ತಾವೇ ಒಂದು ಮಾಡಿಕೊಂಡು ತುಂಬುತ್ತ ಹೋಗುತ್ತವೆ. ಕೇಳುಗರಿಗೆ ಪುಸ್ತಕ ಹೋಗುವುದು ಬೇರೆ ಯಂತ್ರದಿಂದ, ಹಾಗಾಗಿ ಹಳೆಯದು ಕಾಣದೆ ಹೋದದ್ದು ಯಾರ ಗಮನಕ್ಕೂ ಬಂದಿಲ್ಲ. ಮುಗಿದ ಪುಸ್ತಕಗಳಿಗಷ್ಟೇ ಇನ್ನೊಂದು ಪ್ರತಿ ಇತ್ತು, ನಡೆಯುತ್ತಿರುವುದಕ್ಕೂ ಪ್ರತಿ ಇಡಲು ಒಂದು ಡಿಸ್ಕು ಕೊಡಿಸಿ ಎಂದು ಕೇಳಿ ಕೇಳಿ ಅವಳ ನಾಲಿಗೆ ಸವೆದಿತ್ತು. ನಿನ್ನೆ ಸದ್ದಪ್ಪ ವೈರು ಒತ್ತಿದ. ದೊಡ್ಡ ಡಿಸ್ಕು ಎಚ್ಚೆತ್ತು ಬಂದು ದನಿಯ ಮೇಲೆ ತನ್ನ ಜಾಗದಲ್ಲಿ ಕೂತಿತು. ಕೆಳಗಿದ್ದದ್ದು ಎಲ್ಲಿಗೂ ಹೋಗಲಿಲ್ಲ. ಚಾಪೆ ಹಾಸಿದರೆ ನೆಲ ಕಾಣುವುದಿಲ್ಲವಲ್ಲ, ಹಾಗೆ. ಮಧ್ಯಾಹ್ನ ಬರುವವನು ಆ ನೆಲವನ್ನೇ ಅಗೆದು ಹೊಸದು ಮಾಡುತ್ತೇನೆ ಎಂದಿದ್ದಾನೆ.

"ಸಾರ್," ಎಂದಳು, ತಿರುಗದೆಯೇ. "ಆ ಕಂಪನಿಯವನಿಗೆ ಬರೋದು ಬೇಡ ಅಂತ ಹೇಳಿ."

"ಸಿಗ್ತಾ?"

"ಇನ್ನೂ ಇಲ್ಲ. ಆದ್ರೆ ಎಲ್ಲಿದೆ ಅಂತ ಗೊತ್ತಾಯ್ತು."

"ಗೊತ್ತಾಯ್ತು ಅಂದ್ರೆ... ಖಾತ್ರಿನಾ? ಅವನು ಬರೋದು ಬರ್ಲಿ ಬಿಡಿ, ಒಂದು ಮಾತು ಕೇಳೋಣ."

"ಅವನು ಚಿಕ್ಕ ಡಿಸ್ಕಿಗೆ ಕೈ ಹಚ್ಚಿದ್ರೆ ನಮ್ಮತ್ತೆ ದನಿ ಕಡೇ ಸಲ ಹೋಯ್ತು ಅಂತ ತಿಳ್ಕೊಳ್ಳಿ. ನಾನು ಈ ಕುರ್ಚಿ ಬಿಟ್ಟು ಏಳಲ್ಲ." ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅನ್ನಿಸಲಿಲ್ಲ. ನಿರ್ದೇಶಕರು ಒಮ್ಮೆ ಸದ್ದಪ್ಪನ ಮುಖ ನೋಡಿ, ಫೋನ್ ಹಿಡಿದು ವರಾಂಡಕ್ಕೆ ಹೋದರು.

ಯಂತ್ರ ಏಳುವಾಗ ಯಾವ ಡಿಸ್ಕನ್ನು ಎಲ್ಲಿ ಕೂರಿಸಬೇಕೆಂದು ಎಫ್ಎಸ್‌ಟ್ಯಾಬ್ ಎಂಬ ಫೈಲಿನಲ್ಲಿ ಬರೆದಿಟ್ಟಿರುತ್ತದೆ. ತೆರೆದಳು. ದೊಡ್ಡ ಡಿಸ್ಕಿನ ಸಾಲಿನ ಕೊನೆಯಲ್ಲಿ ನೋಫೇಲ್ ಎಂಬ ಪದವಿತ್ತು. ಈ ಡಿಸ್ಕು ಸಿಗದಿದ್ದರೂ ಪರವಾಗಿಲ್ಲ, ನೀನು ನಿಲ್ಲದೆ ಏಳು ಎಂದು ಅದರ ಅರ್ಥ. ಬರೆದವಳು ಅವಳೇ. ಹಿಂದೆ ದೊಡ್ಡ ದೊಡ್ಡವರು ಸಂಸ್ಥೆ ನೋಡಲು ಬಂದ ದಿನವೇ ಇದೇ ಡಿಸ್ಕು ತಡ ಮಾಡಿ, ಯಂತ್ರ ಕಪ್ಪು ಪರದೆಯಲ್ಲಿ ನಿಂತುಬಿಟ್ಟಿತ್ತು. ಅತಿಥಿಗಳು ಕೈಕಟ್ಟಿ ನೋಡುತ್ತಿದ್ದರು, ಯಾರೋ ಆಕಳಿಸಿದರು. ಓದುಗರ ಸಾಲಿನಲ್ಲಿ ಕೂತಿದ್ದ ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡರು. ಅವರು ಮುಖ ತಿರುಗಿಸಿದ್ದು ಸೊಸೆಗಾದ ಅವಮಾನವನ್ನು ನೋಡಲಾರದೆಯೋ, ಇವಳು ನನ್ನ ಸೊಸೆಯಲ್ಲ ಎನ್ನಲಿಕ್ಕೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ಎಲ್ಲರೂ ಹೋದ ಮೇಲೆ ಹಲ್ಲು ಕಚ್ಚಿಕೊಂಡು ಆ ಪದ ಸೇರಿಸಿದ್ದಳು. ಇನ್ನು ಮೇಲೆ ಯಾರೆದುರೂ ನನ್ನ ಯಂತ್ರ ನಿಲ್ಲಕೂಡದು. ನಿಲ್ಲಲಿಲ್ಲ, ನಿಜ. ನಿಂತಿದ್ದರೆ ಬಣ್ಣ ಬಳಿದ ಮಾರನೆಯ ದಿನವೇ ಗೊತ್ತಾಗುತ್ತಿತ್ತು. ಅವಳು ಆ ಪದವನ್ನು ಅಲ್ಲೇ ತೆಗೆದುಹಾಕಿ ಫೈಲು ಮುಚ್ಚಿದಳು. "ಸದ್ದಪ್ಪಾ, ತಪ್ಪು ನಿಂದಲ್ಲ ಕಣೋ, ನಂದು," ಎಂದಳು. "ನೀನು ವೈರು ಒತ್ತದೇ ಇದ್ದಿದ್ರೆ ಇದು ಗೊತ್ತೇ ಆಗ್ತಿರ್ಲಿಲ್ಲ." ಸದ್ದಪ್ಪ ಮೂಗೊರೆಸಿಕೊಂಡು, "ಹಾಗಂತೀರಾ ಅಕ್ಕಾ?" ಎಂದ.

ಈಗ ಮಾಡಬೇಕಾದ್ದು ಒಂದೇ, ದೊಡ್ಡ ಡಿಸ್ಕನ್ನು ದನಿಯ ಮೇಲಿಂದ ಇಳಿಸುವುದು. ಬೇರನ್ನೇ ಇನ್ನೊಂದು ಹೆಸರಿನಲ್ಲಿ ತೆರೆದು, ಪಕ್ಕದಿಂದ ಕೆಳಗೆ ಇಣುಕುವ ದಾರಿಯೂ ಇತ್ತು. ಆದರೆ ನಿರ್ದೇಶಕರ ಎದುರು ಅಷ್ಟು ಎದೆಯುಬ್ಬಿಸಿ ಹೇಳಿದ ಮೇಲೆ ಹಿತ್ತಿಲಿನಿಂದ ಇಣುಕುವುದು ಅವಳಿಗೆ ಒಗ್ಗಲಿಲ್ಲ. ಇಳಿಸು ಎಂದು ಆಜ್ಞೆ ಕೊಟ್ಟಳು. ಆಗುವುದಿಲ್ಲ ಎಂದಿತು ಯಂತ್ರ. ಡಿಸ್ಕನ್ನು ಯಾರೋ ಬಳಸುತ್ತಿದ್ದಾರೆ, ಒಂದು ಫೈಲು ತೆರೆದಿದೆ. ಯಾರದು? ಕೇಳಿದಳು. ಎರಡನೇ ಕೋಣೆ. ಅತ್ತೆ ಅವಳ ಡಿಸ್ಕಿನೊಳಗೆ ಕೂತಿದ್ದರು. ತೆರೆದಿದ್ದ ಫೈಲು ಅವರೇ ಎಷ್ಟೋ ವರ್ಷದ ಹಿಂದೆ ಓದಿದ್ದು, ಈ ಸಂಸ್ಥೆಗಾಗಿ ಓದಿದ ಮೊಟ್ಟಮೊದಲ ಪುಸ್ತಕ.

ಕಡಿದುಹಾಕುವ ಆಜ್ಞೆಯೂ ಒಂದಿದೆ. ಯಾರು ಒಳಗಿದ್ದರೂ ಲೆಕ್ಕಿಸದೆ ಡಿಸ್ಕನ್ನು ಕಿತ್ತುಬಿಡಬಹುದು. ಅತ್ತೆಯ ಕಿವಿಯಲ್ಲಿ ಅತ್ತೆಯ ದನಿ ವಾಕ್ಯದ ನಡುವೆ ಫಕ್ಕನೆ ನಿಂತುಹೋಗುತ್ತಿತ್ತು. ಅವರು ಹೆಡ್‌ಫೋನು ತೆಗೆದು, ಡಬ್ಬ ಕೆಟ್ಟಿತು ಎಂದು ಮೂಗು ಮುರಿಯುತ್ತಿದ್ದರು, ಅಷ್ಟೆ. ಏನೂ ಹೇಳದೆಯೇ ಎಲ್ಲ ಮುಗಿಸಬಹುದಿತ್ತು. ಅವಳು ಆ ಆಜ್ಞೆಯ ಅರ್ಧ ಟೈಪು ಮಾಡಿ, ಅಳಿಸಿ, ಎದ್ದಳು.

ಎರಡನೇ ಕೋಣೆಯ ಗಾಜಿನ ಆಚೆ ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ತುಟಿಗಳು ಅಲುಗುತ್ತಿದ್ದವು. ಕೇಳುತ್ತಿದ್ದ ದನಿಯ ಜತೆಜತೆಗೆ ತಾವೂ ಓದುತ್ತಿದ್ದರು, ಸದ್ದಿಲ್ಲದೆ. ಇಷ್ಟು ವರ್ಷದಲ್ಲಿ ಅವರನ್ನು ಹೀಗೆ, ಅವರಿಗೆ ಗೊತ್ತಿಲ್ಲದೆ, ಅವಳು ನೋಡಿದ್ದಿಲ್ಲ. ಎಷ್ಟು ಸಣ್ಣಗಾಗಿದ್ದಾರೆ ಎನ್ನಿಸಿತು. ಅಳು ಬಂತು, ಅದನ್ನು ನುಂಗಿ ಬಾಗಿಲು ತಳ್ಳಿದಳು. ಅತ್ತೆ ಕಣ್ಣು ಬಿಟ್ಟು, ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಹೆಡ್‌ಫೋನನ್ನು ಕಿತ್ತು ಮಡಿಲಲ್ಲಿಟ್ಟುಕೊಂಡರು.

"ಅತ್ತೆ, ಸ್ವಲ್ಪ ಹೊತ್ತು ಇದನ್ನ ನಿಲ್ಲಿಸ್ಬೇಕು," ಎಂದಳು. "ನೀವು ಆಪರೇಷನ್ನಿಗೆ ಮುಂಚೆ ಓದಿದ್ದು ಕಾಣ್ತಿಲ್ಲ. ಕಳೆದಿಲ್ಲ. ಈ ಡಿಸ್ಕಿನ ಅಡಿಗೆ ಸಿಕ್ಕೊಂಡಿದೆ. ನೀವು ಎದ್ರೆ ನಾನು ಇದನ್ನ ಇಳಿಸ್ತೀನಿ. ಹಾಗಾಗಿದ್ದು ನನ್ನಿಂದ್ಲೇ."

ಅತ್ತೆ ಅವಳನ್ನೇ ನೋಡಿದರು. ಕೈ ಕತ್ತಿನ ಸ್ಕಾರ್ಫಿನ ಮೇಲೆ ಹೋಯಿತು. "ಖಂಡಿತ ಇದೆಯಾ?" ಎಂಬ ಪಿಸುಮಾತು ಒಣ ಎಲೆ ಸರಿದಂತೆ ಬಂತು.

"ಇದೆ."

"ನೀನು ನೋಡಿದ್ಯಾ?"

"ನೋಡಿಲ್ಲ. ಆದ್ರೆ ನನಗೆ ಗೊತ್ತು."

ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತಳು. ಅತ್ತೆ ಬೈಯಲಿಲ್ಲ. ಪರದೆಯ ಮೇಲೆ ತೆರೆದಿದ್ದದ್ದನ್ನು ತಾವೇ ಮುಚ್ಚಿ, ಮೇಜಿನ ಅಂಚು ಹಿಡಿದು ಎದ್ದು, ಅವಳಿಗಿಂತ ಮುಂದಾಗಿ ವರಾಂಡದಲ್ಲಿ ನಡೆದರು. ಸರ್ವರಿನ ಕೋಣೆಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಒಳಗಿನ ಚಳಿಗೆ ಒಮ್ಮೆ ನಡುಗಿ, ಸದ್ದಪ್ಪ ತಳ್ಳಿದ ಸ್ಟೂಲಿನ ಮೇಲೆ ನೆಟ್ಟಗೆ ಕೂತರು. ನಿರ್ದೇಶಕರು ಬಾಯಿ ತೆರೆದು, ಅತ್ತೆಯ ಮುಖ ಕಂಡು ಬಾಯಿ ಮುಚ್ಚಿದರು.

ಇಳಿಸು ಎಂದಳು. ಈ ಸಲ ಯಂತ್ರ ಏನೂ ಹೇಳಲಿಲ್ಲ. ಕೆಲಸ ಸರಿಯಾಗಿ ಆದಾಗ ಇದು ಮಾತಾಡುವುದಿಲ್ಲ, ಅದಕ್ಕೇ ಅವಳಿಗೆ ಇದರ ಮೇಲೆ ಇಷ್ಟು ಗೌರವ. ದನಿಯೊಳಗೆ ಏನಿದೆ ತೋರಿಸು ಎಂದಳು. ಪರದೆಯಲ್ಲಿ ಸಾಲುಗಳು ಬಿದ್ದವು. ಕಾದಂಬರಿಯ ಹೆಸರು, ಅದರ ಕೆಳಗೆ ಒಂದಾದ ಮೇಲೊಂದು ಅಧ್ಯಾಯ, ಕಡೆಯದರ ತನಕ. "ಅಯ್ಯೋ, ಇಲ್ಲೇ ಇದೆಯಲ್ಲಕ್ಕಾ!" ಎಂದು ಸದ್ದಪ್ಪ ಕಿರುಚಿದ, ಜೀವನದಲ್ಲಿ ಮೊದಲ ಸಲ ಇರಬೇಕು ಅವನು ಅಷ್ಟು ಸದ್ದು ಮಾಡಿದ್ದು. ನಿರ್ದೇಶಕರು "ಭಲೇ! ಭಲೇ ಡಿಸ್ಕಮ್ಮಾ!" ಎಂದು ಪರದೆಗೆ ಬೆರಳು ಚಾಚಿದರು. ಅವಳು ಅವರ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಅವಳಿಗೆ ಹೆಮ್ಮೆಯಾಯಿತು. ಮುಚ್ಚಿಟ್ಟುಕೊಳ್ಳುವಷ್ಟಲ್ಲ, ಎದೆ ತುಂಬಿ ಕಿವಿಯವರೆಗೆ ಬಿಸಿಯಾಗುವಷ್ಟು. ನನ್ನ ತಪ್ಪು ಎಷ್ಟು ನನ್ನದೋ, ಇದೂ ಅಷ್ಟೇ ನನ್ನದು.

ಅತ್ತೆ ಬೆರಳು ಎತ್ತಿ ಕಡೆಯ ಅಧ್ಯಾಯವನ್ನು ತೋರಿಸಿದರು. ಹಚ್ಚಿದಳು. ಪುಟ್ಟ ಸ್ಪೀಕರಿನಿಂದ ಅತ್ತೆ ಬಂದರು. ದನಿ ಒಡೆದಿತ್ತು. ಉದ್ದದ ವಾಕ್ಯಗಳಲ್ಲಿ ಉಸಿರು ಸಾಲದೆ ನಡುವೆ ನಿಂತು, ಮತ್ತೆ ಎತ್ತಿಕೊಂಡು, ಒಂದು ಕಡೆ ಕೆಮ್ಮನ್ನು ತಡೆದುಕೊಂಡ ಸದ್ದೂ ಕೇಳುತ್ತಿತ್ತು. ಎಲ್ಲರೂ ನೆಲ ನೋಡುತ್ತ ನಿಂತರು. ಸ್ವಲ್ಪ ಹೊತ್ತು ಕೇಳಿ ಅತ್ತೆ ಕೈ ಅಡ್ಡ ಮಾಡಿದರು.

"ಇದನ್ನ ಅಳಿಸ್ಬಿಡು."

"ಅತ್ತೆ?"

"ಮಿಕ್ಕಿದ್ದು ಇರ್ಲಿ. ಇದು ಬೇಡ. ಯಾರಾದ್ರೂ ಬೇರೆಯವ್ರು ಓದ್ಲಿ." ಪಿಸುಮಾತನ್ನು ಹಿಡಿಯಲು ಎಲ್ಲರೂ ಬಾಗಬೇಕಾಯಿತು. "ಇಂಥ ದನೀಲಿ ನಾನು ಯಾರ ಮನೆಗೂ ಹೋಗಲ್ಲ. ಅಳಿಸು ಅಂದೆ."

ನಿರ್ದೇಶಕರು, ಅಮ್ಮಾ ನಿಮ್ಮಿಷ್ಟ, ಎಂದು ಏನೋ ತೊದಲಿದರು. ಅವಳ ಕೈ ಕೀಬೋರ್ಡಿನ ಮೇಲಿತ್ತು. ಮದುವೆಯಾದಂದಿನಿಂದ ಅತ್ತೆಯ ಮಾತಿಗೆ ಅವಳು ಎದುರಾಡಿದ್ದಿಲ್ಲ. ಹೂಂ ಅಂದು, ಒಳಗೊಳಗೇ ಕುದಿದು, ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡವಳು. ಈ ದನಿಯಲ್ಲಿ ನಾಚಿಕೆಪಡುವಂಥದ್ದು ಏನಿದೆ? ನೋವು ನುಂಗಿಕೊಂಡು ಕಡೆಯ ಪುಟ ಮುಟ್ಟಿದ ದನಿ. ಅವಳು ಕೇಳಿದ್ದರಲ್ಲೆಲ್ಲ ಇದೇ ದೊಡ್ಡದು ಎನ್ನಿಸಿತು. ಹಾಗೆಂದು ಹೇಳಲು ಹೋದರೆ ಅತ್ತೆ, ಪುಸಲಾಯಿಸಬೇಡ ಎನ್ನುತ್ತಾರೆ.

"ಆಗಲ್ಲ ಅತ್ತೆ," ಎಂದಳು.

"ನನ್ನ ದನಿ ಅದು."

"ದನಿ ನಿಮ್ಮದು. ಡಿಸ್ಕು ನಂದು. ಇದರೊಳಗೆ ಬಂದಿದ್ದನ್ನ ಕಾಯೋದು ನನ್ನ ಕೆಲಸ. ನೀವು ಹೇಳಿದ್ರೂ ಅಳಿಸಲ್ಲ, ಯಾರು ಹೇಳಿದ್ರೂ ಅಳಿಸಲ್ಲ."

ಅತ್ತೆ ಅವಳನ್ನು ಎಷ್ಟು ಹೊತ್ತು ನೋಡಿದರೆಂದರೆ ಸದ್ದಪ್ಪ ಹೆದರಿ ಬಾಗಿಲ ಕಡೆ ಸರಿದ. ಆಮೇಲೆ ಅವರ ಭುಜಗಳು ಕುಲುಕಿದವು. ಅಳುತ್ತಿದ್ದಾರೆಂದು ಅವಳು ಗಾಬರಿಯಿಂದ ಎದ್ದಳು. ಅವರು ನಗುತ್ತಿದ್ದರು, ಸದ್ದೇ ಇಲ್ಲದೆ. "ಈ ಮಾತಾಡೋಕೆ ಇಷ್ಟು ವರ್ಷ ಬೇಕಾಯ್ತೇನೇ ನಿನಗೆ?" ಎಂದರು. ಕಣ್ಣೊರೆಸಿಕೊಂಡು, "ಹಾಗೇ ಕಳ್ಸು. ಒಡೆದಿದ್ದು ಒಡೆದ ಹಾಗೇ ಹೋಗ್ಲಿ," ಎಂದರು.

ನಿರ್ದೇಶಕರೂ ಸದ್ದಪ್ಪನೂ ಹೊರಗೆ ಹೋದರು. ಅಧ್ಯಾಯಗಳನ್ನು ಬೇರೆಡೆಗೆ ಸಾಗಿಸಿ, ತೂಕ ತಾಳೆ ನೋಡಿ, ಆಮೇಲೆ ದೊಡ್ಡ ಡಿಸ್ಕನ್ನು ಮತ್ತೆ ಕೂರಿಸಬೇಕು. ಅವಳು ಕೆಲಸಕ್ಕೆ ತೊಡಗಿದಳು. ಅತ್ತೆ ಹೋಗಬಹುದಿತ್ತು, ಹೋಗಲಿಲ್ಲ. ಸ್ಟೂಲನ್ನು ಎಳೆದುಕೊಂಡು ಅವಳ ಪಕ್ಕಕ್ಕೇ ಬಂದರು, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ.

"ಈಗೇನು ಮಾಡ್ತಿದೀಯ?" ಎಂದರು.

ಎಲ್ಲಿಂದ ಶುರು ಮಾಡುವುದು? "ಮೊದ್ಲಿಂದ ಹೇಳ್ತೀನಿ ಅತ್ತೆ," ಎಂದಳು. "ಈ ಯಂತ್ರ ಎದ್ದಾಗ ಇದಕ್ಕೆ ಏನೂ ಗೊತ್ತಿರಲ್ಲ, ಬೇರು ಒಂದು ಬಿಟ್ಟು."

ಅತ್ತೆ ಕೈಗಳನ್ನು ಮಡಿಲಲ್ಲಿ ಮಡಿಸಿಟ್ಟುಕೊಂಡು, ತಲೆಯನ್ನು ಒಂದು ಕಡೆಗೆ ವಾಲಿಸಿದರು.

"ಹೂಂ," ಎಂದರು. "ಆಮೇಲೆ?"